ಪ್ಯಾಂಟಿನೊಳಗಿನ ನೀರು

ಬೆಳಗಾವಿ ಜಿಲ್ಲೆಯ ಮುಗಳಖೋಡದ ಬಟ್ಟೆ ಅಂಗಡಿಗಳಲ್ಲಿ ಪ್ಯಾಂಟ್ ಕೊಳ್ಳಲು ಬಂದ ಗಿರಾಕಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇಷ್ಟೇ. ‘ಬ್ಯಾಸಗ್ಯಾಗ ಸೆಕಿ ಆಗತೈತೇನ್ರಿ?’ ‘ಸುಕ್ಕ ಬೀಳತೈತೇನು?’ ‘ಬಣ್ಣಾ ಬಿಡಂಗಿಲ್ಲಲ್ರಿ?’ ಅಂಗಡಿಯವರ ಉತ್ತರವೂ ಸಿದ್ಧ: ಸೆಕೆ ಆಗುವುದಿಲ್ಲ, ಸುಕ್ಕು ಬೀಳುವುದಿಲ್ಲ, ಬಣ್ಣ ಬಿಡುವುದಿಲ್ಲ. ಮೂರೂ ಒಟ್ಟಿಗೆ ನಿಜವಾಗುವುದು ಕಷ್ಟ. ಮೊದಲನೆಯದು ಪೂರ್ತಿ ನಿಜವಾದರೆ ಎರಡನೆಯದು ಸುಳ್ಳಾಗುತ್ತದೆ. ಇದಕ್ಕೆ ಅಂಗಡಿಯವರನ್ನು ದೂರಿ ಫಲವಿಲ್ಲ. ಬೆವರನ್ನು ಹೀರುವುದೂ ಸುಕ್ಕು ಬೀಳುವುದೂ ನೂಲಿನ ಅಣುಗಳ ಮಟ್ಟದಲ್ಲಿ ಒಂದೇ ಗುಣದ ಎರಡು ಫಲಗಳು. ಆ ಗುಣ ಯಾವುದೆಂದರೆ, ನೀರನ್ನು ಒಳಗೆ ಬಿಟ್ಟುಕೊಳ್ಳುವುದು.

ದಿನಬಳಕೆಯ ಪ್ಯಾಂಟ್ ಆರಿಸುವ ವಿದ್ಯೆಯೆಲ್ಲ ಈ ನೀರಿನ ಲೆಕ್ಕಾಚಾರದಲ್ಲೇ ಅಡಗಿದೆ. ಬೆವರು ನೀರು, ಒಗೆಯುವುದು ನೀರಿನಲ್ಲಿ, ಒಣಗುವುದೆಂದರೆ ನೀರು ಹೋಗುವುದು, ಇಸ್ತ್ರಿಗೆ ಮುನ್ನ ಚಿಮುಕಿಸುವುದೂ ನೀರೇ. ಬಟ್ಟೆಯ ಹೆಸರು ಡಿಸೈನರ್ ಎಂದಿರಲಿ, ಸಂತೆಯದೆಂದಿರಲಿ, ನೀರಿನ ಜೊತೆ ಅದರ ಸಂಬಂಧ ಎಂಥದ್ದು ಎಂದು ತಿಳಿದವರು ಮೋಸಹೋಗುವುದು ಕಡಿಮೆ.

34 ಗ್ರಾಂ ಮತ್ತು ಒಂದೂವರೆ ಗ್ರಾಂ

ಹತ್ತಿಯ ಎಳೆ ಎಂದರೆ ಸೆಲ್ಯುಲೋಸ್. ಗ್ಲೂಕೋಸ್ ಕೊಂಡಿಗಳು ಸಾವಿರಗಟ್ಟಲೆ ಸೇರಿ ಆದ ಉದ್ದನೆಯ ಸರಪಳಿ. ಪ್ರತಿ ಕೊಂಡಿಗೂ ಮೂರು ಹೈಡ್ರಾಕ್ಸಿಲ್ ಗುಂಪುಗಳು ಅಂಟಿಕೊಂಡಿರುತ್ತವೆ. ಇವಕ್ಕೆ ನೀರಿನ ಅಣುವೆಂದರೆ ಬಲು ಪ್ರೀತಿ. ಹತ್ತಿರ ಬಂದರೆ ಹೈಡ್ರೋಜನ್ ಬಂಧದಿಂದ ಹಿಡಿದುಕೊಳ್ಳುತ್ತವೆ. ಪಾಲಿಯೆಸ್ಟರ್ ಎಳೆಯಲ್ಲಿ ಅಂಥ ಗುಂಪುಗಳು ಇಲ್ಲವೆನ್ನುವಷ್ಟು ಕಡಿಮೆ. ಅದರ ಸರಪಳಿಗಳು ಒತ್ತೊತ್ತಾಗಿ ಜೋಡಿಸಿಕೊಂಡಿದ್ದು, ನೀರಿಗೆ ಒಳಗೆ ಜಾಗವೇ ಇಲ್ಲ.

ಜವಳಿ ಪ್ರಯೋಗಾಲಯಗಳಲ್ಲಿ ಇದನ್ನು ಅಳೆಯಲು ಒಂದು ಗೊತ್ತಾದ ವಿಧಾನವಿದೆ. ಸುಮಾರು 20 ಡಿಗ್ರಿ ಸೆಲ್ಸಿಯಸ್ ತಾಪ, 65 ಪ್ರತಿಶತ ಆರ್ದ್ರತೆಯ ಕೋಣೆಯಲ್ಲಿ ಒಣ ಎಳೆಯನ್ನಿಟ್ಟರೆ ಅದು ಗಾಳಿಯಿಂದ ಎಷ್ಟು ತೇವ ಎಳೆದುಕೊಳ್ಳುತ್ತದೆ ಎಂದು ತೂಗುತ್ತಾರೆ. ಹತ್ತಿ ತನ್ನ ತೂಕದ 8.5 ಪ್ರತಿಶತ ಎಳೆದುಕೊಳ್ಳುತ್ತದೆ. ನಾರುಬಟ್ಟೆ ಲಿನನ್ ಮತ್ತು ವಿಸ್ಕೋಸ್ 12ರ ಆಸುಪಾಸು. ನೈಲಾನ್ 4. ಪಾಲಿಯೆಸ್ಟರ್ ಬರೀ 0.4. ನಾಲ್ಕುನೂರು ಗ್ರಾಂ ತೂಗುವ ಪ್ಯಾಂಟನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಹತ್ತಿಯದಾದರೆ 34 ಗ್ರಾಂ ತೇವ ಎಳೆಯ ಒಳಗೇ ಅಡಗಿದ್ದರೂ ಮುಟ್ಟಿದವರಿಗೆ ಅದು ಒಣ ಬಟ್ಟೆ. ಪಾಲಿಯೆಸ್ಟರಿನದಾದರೆ ಒಂದೂವರೆ ಗ್ರಾಂ ದಾಟುತ್ತಲೇ ಮಿಕ್ಕ ಬೆವರೆಲ್ಲ ಎಳೆಗಳ ಹೊರಗೆ ನಿಂತು ತೊಡೆಗೆ ಅಂಟುತ್ತದೆ.

ರಾಯಬಾಗ, ಅಥಣಿ ಕಡೆಯ ಬೇಸಿಗೆ ಒಣ ಬೇಸಿಗೆ. ಇಲ್ಲಿ ದೇಹ ತಂಪಾಗುವುದು ಬೆವರು ಆರುವುದರಿಂದ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಮೈಯಿಂದ ಹೊರಟುಹೋಗುತ್ತದೆ. ಬಟ್ಟೆ ಬೆವರನ್ನು ಎಳೆದುಕೊಂಡು ಹೊರಮುಖಕ್ಕೆ ಸಾಗಿಸಿದರೆ ಒಣಗಾಳಿ ಮುಂದಿನ ಕೆಲಸ ನೋಡಿಕೊಳ್ಳುತ್ತದೆ. ಕರಾವಳಿಯಲ್ಲಿ ಗಾಳಿಯೇ ತೇವದಿಂದ ತುಂಬಿರುವುದರಿಂದ ಹತ್ತಿ ಪ್ಯಾಂಟ್ ಒದ್ದೆಯಾದರೆ ಒದ್ದೆಯಾಗಿಯೇ ಉಳಿಯುವುದುಂಟು. ಮಂಗಳೂರಿಗೆ ಒಗ್ಗುವ ಬಟ್ಟೆಯೇ ಮುಗಳಖೋಡಕ್ಕೂ ಒಗ್ಗಬೇಕೆಂದಿಲ್ಲ. ನಮ್ಮ ಒಣ ಸೀಮೆಯ ಬೇಸಿಗೆಗೆ ಹತ್ತಿಯ ಪಾಲು ಹೆಚ್ಚಿರುವ ಪ್ಯಾಂಟೇ ಒಳ್ಳೆಯದು.

ಸುಕ್ಕು ಹುಟ್ಟುವ ಬಗೆ

ಅದೇ ನೀರು ಈಗ ಇನ್ನೊಂದು ಮುಖ ತೋರಿಸುತ್ತದೆ. ಹತ್ತಿಯ ಸರಪಳಿಗಳು ಒಂದಕ್ಕೊಂದು ಹೈಡ್ರೋಜನ್ ಬಂಧಗಳಿಂದ ಕಟ್ಟಿಕೊಂಡಿರುತ್ತವೆ. ನೀರು ಒಳಹೊಕ್ಕಾಗ ಈ ಬಂಧಗಳ ನಡುವೆ ತಾನು ನುಸುಳಿ ಅವನ್ನು ಬಿಡಿಸುತ್ತದೆ. ಸರಪಳಿಗಳು ಸಡಿಲವಾಗಿ ಜಾರುತ್ತವೆ. ಮುಗಳಖೋಡದಿಂದ ಚಿಕ್ಕೋಡಿಯವರೆಗೆ ಬಸ್ಸಿನ ಸೀಟಿನಲ್ಲಿ ಕೂತವರ ಮೊಣಕಾಲ ಹಿಂಭಾಗವನ್ನು ನೆನೆಯಿರಿ: ಬೆವರು, ಶಾಖ, ಒತ್ತಡ, ಮಡಿಕೆ, ನಾಲ್ಕೂ ಅಲ್ಲಿವೆ. ಎದ್ದು ನಿಂತಾಗ ತೇವ ಆರುತ್ತದೆ, ಸರಪಳಿಗಳ ನಡುವೆ ಹೊಸ ಬಂಧಗಳು ಹುಟ್ಟುತ್ತವೆ. ಆದರೆ ಮಡಚಿಕೊಂಡ ಸ್ಥಿತಿಯಲ್ಲಿ. ಸುಕ್ಕು ಎಂದರೆ ಇದೇ. ಇಸ್ತ್ರಿ ಮಾಡುವವರು ನೀರು ಚಿಮುಕಿಸುವುದು ಇದೇ ಕ್ರಿಯೆಯನ್ನು ಬೇಕೆಂದೇ ಮರಳಿ ನಡೆಸಲು. ಬಂಧ ಬಿಡಿಸಿ, ಬಟ್ಟೆ ಚಪ್ಪಟೆಯಾಗಿರುವಾಗಲೇ ಮತ್ತೆ ಕಟ್ಟುತ್ತಾರೆ.

ಪಾಲಿಯೆಸ್ಟರ್ ಒಳಗೆ ನೀರು ಹೋಗದ ಕಾರಣ ಅದರ ಸರಪಳಿಗಳು ಬೆವರಿಗೆ ಬಗ್ಗುವುದಿಲ್ಲ. ಮಡಚಿದ್ದು ಬಿಟ್ಟೊಡನೆ ಚಿಮ್ಮುತ್ತದೆ. ಅದನ್ನು ಬಗ್ಗಿಸಬಲ್ಲದ್ದು ಶಾಖ. ಸುಮಾರು 70–80 ಡಿಗ್ರಿ ದಾಟಿದರೆ ಅದರ ಸರಪಳಿಗಳು ಅಷ್ಟು ಅಚ್ಚುಕಟ್ಟಾಗಿ ಜೋಡಿಸಿಕೊಳ್ಳದ ಭಾಗಗಳು ಮೆತ್ತಗಾಗುತ್ತವೆ. ಆ ಸ್ಥಿತಿಯಲ್ಲಿ ಕೊಟ್ಟ ಆಕಾರ ತಣಿದ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ. ರೆಡಿಮೇಡ್ ಪ್ಯಾಂಟಿನ ಮುಂಭಾಗದ ನೇರ ಗೆರೆ ಹತ್ತಾರು ಬಾರಿ ಒಗೆದರೂ ಅಳಿಯದಿರುವ ಗುಟ್ಟು ಇದು. ಪಾಲಿಯೆಸ್ಟರ್ ಪ್ಯಾಂಟನ್ನು ಕುದಿಯುವ ನೀರಿಗೆ ಹಾಕಿ ಹಿಂಡಿದರೆ ಬರುವ ಸುಕ್ಕು ಹೋಗದಿರುವುದೂ ಇದೇ ಕಾರಣಕ್ಕೆ.

ಈ ಎಳೆಯನ್ನು 1941ರಲ್ಲಿ ಇಂಗ್ಲೆಂಡಿನ ಕ್ಯಾಲಿಕೋ ಪ್ರಿಂಟರ್ಸ್ ಅಸೋಸಿಯೇಷನ್ನಿನ ಜಾನ್ ರೆಕ್ಸ್ ವಿನ್‌ಫೀಲ್ಡ್ ಮತ್ತು ಜೇಮ್ಸ್ ಟೆನೆಂಟ್ ಡಿಕ್ಸನ್ ರೂಪಿಸಿದರು. 1960ರ ದಶಕದಲ್ಲಿ ಭಾರತದಲ್ಲೂ ತಯಾರಾಗತೊಡಗಿ, ಟೆರಿಲಿನ್, ಟೆರಿಕಾಟ್ ಎಂಬ ಹೆಸರುಗಳು ಹಳ್ಳಿಯ ಸಿಂಪಿಗರ ಬಾಯಿಗೂ ಬಂದವು. ಧೋತರ ಉಡುತ್ತಿದ್ದ ತಲೆಮಾರಿನ ಮಕ್ಕಳು ಮದುವೆಗೆಂದು ಹೊಲಿಸಿದ ಟೆರಿಕಾಟ್ ಪ್ಯಾಂಟು ಇಸ್ತ್ರಿಯಿಲ್ಲದೆಯೂ ನೆಟ್ಟಗಿರುತ್ತಿತ್ತು. ಬೇಸಿಗೆಯ ಮದುವೆಯಲ್ಲಿ ಅದರೊಳಗೆ ಇದ್ದವರ ಪಾಡು ಬೇರೆ.

ಹತ್ತಿಯನ್ನೇ ಸುಕ್ಕಾಗದಂತೆ ಮಾಡುವ ದಾರಿಯೂ ಇದೆ. ಅಮೆರಿಕದ ಕೃಷಿ ಇಲಾಖೆಯ ರಸಾಯನಶಾಸ್ತ್ರಜ್ಞೆ ರೂತ್ ಬೆನೆರಿಟೋ 1950ರ ದಶಕದಿಂದ ನ್ಯೂ ಆರ್ಲಿಯನ್ಸ್ ಪ್ರಯೋಗಾಲಯದಲ್ಲಿ ಇದರ ಮೇಲೆ ದುಡಿದರು. ಸರಪಳಿಗಳ ನಡುವೆ ನೀರಿಗೆ ಬಿಡಿಸಲಾಗದ ಗಟ್ಟಿ ರಾಸಾಯನಿಕ ಸೇತುವೆಗಳನ್ನು ಹಾಕುವುದು ಈ ವಿಧಾನದ ತಿರುಳು. ಅವರ ಹೆಸರಿನಲ್ಲಿ 55 ಪೇಟೆಂಟ್‌ಗಳಿವೆ. ಇಂದು ‘ರಿಂಕಲ್ ಫ್ರೀ’ ಎಂದು ಮಾರಾಟವಾಗುವ ಹತ್ತಿ ಪ್ಯಾಂಟುಗಳು ಈ ಪರಂಪರೆಯವು. ಇಲ್ಲೂ ಬೆಲೆ ತೆರಲೇಬೇಕು. ಜಾರುವ ಸ್ವಾತಂತ್ರ್ಯ ಕಳೆದುಕೊಂಡ ಸರಪಳಿ ಎಳೆತ ಬಿದ್ದಾಗ ಬಗ್ಗದೆ ಮುರಿಯುತ್ತದೆ. ಅದಕ್ಕೇ ಇಂಥ ಪ್ಯಾಂಟಿನ ಜೇಬಿನ ಅಂಚು, ಕೆಳಗಿನ ಮಡಿಕೆ ಬೇಗ ಸವೆಯುತ್ತವೆ.

ಬೆರಕೆಯ ಲೆಕ್ಕ

ಮಧ್ಯದ ದಾರಿ ಬೆರಕೆ. ಅಂಗಡಿಗಳಲ್ಲಿ ಕಾಣುವ ಪ್ಯಾಂಟ್ ಪೀಸುಗಳಲ್ಲಿ ಎರಡು ಬೆರಕೆಗಳು ತುಂಬ ಸಾಮಾನ್ಯ: ಪಾಲಿಯೆಸ್ಟರ್ 67, ಹತ್ತಿ 33, ಅಥವಾ ಪಾಲಿಯೆಸ್ಟರ್ 65, ವಿಸ್ಕೋಸ್ 35. ಮೇಲಿನ ಅಂಕಿಗಳಿಂದಲೇ ಗುಣಿಸಿ ನೋಡಿದರೆ ಮೊದಲನೆಯದು ಸುಮಾರು 3 ಪ್ರತಿಶತ, ಎರಡನೆಯದು ಸುಮಾರು 4.5 ಪ್ರತಿಶತ ತೇವ ಹಿಡಿಯುತ್ತದೆ. ನಾಲ್ಕುನೂರು ಗ್ರಾಂ ಪ್ಯಾಂಟಿನಲ್ಲಿ 12 ಗ್ರಾಂ, 18 ಗ್ರಾಂ. ಪೂರ್ತಿ ಹತ್ತಿಯ 34 ಗ್ರಾಮಿಗೆ ಇದು ಸಾಟಿಯಲ್ಲ, ಪಾಲಿಯೆಸ್ಟರಿನ ಒಂದೂವರೆ ಗ್ರಾಮಿಗಿಂತ ಎಷ್ಟೋ ಮೇಲು. ಲೇಬಲ್ಲಿನ ಶೇಕಡಾವಾರು ಸಿಕ್ಕರೆ ಈ ಗುಣಾಕಾರವನ್ನು ಯಾರು ಬೇಕಾದರೂ ಮಾಡಬಹುದು.

ವಿಸ್ಕೋಸ್ ಮರದ ತಿರುಳಿನಿಂದ ಬರುವ ಸೆಲ್ಯುಲೋಸ್. ಬಟ್ಟೆಗೆ ಇಳಿಬೀಳುವ ಚೆಲುವನ್ನು ಕೊಡುವುದು ಅದೇ. ಆದರೆ ಒದ್ದೆಯಾದಾಗ ಅದರ ಬಲ ಅರ್ಧದಷ್ಟಕ್ಕೆ ಇಳಿಯುತ್ತದೆ. ವಿಸ್ಕೋಸ್ ಹೆಚ್ಚಿರುವ ಪ್ಯಾಂಟನ್ನು ಕಲ್ಲಿಗೆ ಬಡಿದು ಒಗೆದರೆ ಬೇಗ ಹಾಳಾಗುವುದು ಇದರಿಂದ. ಈ ಎಳೆಗೂ ಕರ್ನಾಟಕಕ್ಕೂ ಹತ್ತಿರದ ನಂಟಿದೆ. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ ತುಂಗಭದ್ರೆಯ ದಂಡೆಯ ಹರಿಹರ ಪಾಲಿಫೈಬರ್ಸ್ 1970ರ ದಶಕದಿಂದ ನೀಲಗಿರಿ ಮರವನ್ನು ತಿರುಳು ಮಾಡುತ್ತ ಬಂದಿತು. ನದಿಗೆ ಬಿಡುತ್ತಿದ್ದ ತ್ಯಾಜ್ಯದ ವಿರುದ್ಧ, ಊರಿನ ಸಾಮೂಹಿಕ ಜಮೀನುಗಳಲ್ಲಿ ನೀಲಗಿರಿ ನೆಡುವುದರ ವಿರುದ್ಧ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹೋರಾಡಿತು. 1987ರ ನವೆಂಬರಿನಲ್ಲಿ ಕುಸನೂರಿನಲ್ಲಿ ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹ ನಡೆದು, ಜನ ನೀಲಗಿರಿ ಸಸಿ ಕಿತ್ತು ಊರಿಗೆ ಬೇಕಾದ ಗಿಡ ನೆಟ್ಟರು. ಪ್ಯಾಂಟಿನ ನೀರಿನ ಲೆಕ್ಕದಲ್ಲಿ ನದಿಯ ನೀರೂ ಸೇರುತ್ತದೆ.

ಆಟದ ಪ್ಯಾಂಟುಗಳ ವಿಷಯದಲ್ಲಿ ಒಂದು ಮಾತು. ಅವು ಪೂರ್ತಿ ಪಾಲಿಯೆಸ್ಟರ್ ಆದರೂ ಬೆವರನ್ನು ಸಾಗಿಸುತ್ತವೆ. ಎಳೆಯ ಮೇಲ್ಮೈಯಲ್ಲಿ ಉದ್ದುದ್ದ ಕಾಲುವೆಗಳಂಥ ಗೀರುಗಳಿರುತ್ತವೆ. ನೀರು ಒಳಗೆ ಹೋಗದಿದ್ದರೂ ಆ ಗೀರುಗಳಲ್ಲಿ ಹರಿದು ಹೊರಗೆ ಹರಡುತ್ತದೆ, ಬೇಗ ಆರುತ್ತದೆ. ಒಂದು ತಾಸಿನ ಓಟಕ್ಕೆ ಇದು ಸರಿ. ದಿನವಿಡೀ ತೊಟ್ಟರೆ ವಾಸನೆ ಕಾಡುತ್ತದೆ. ಬೆಲ್ಜಿಯಮ್ಮಿನ ಗೆಂಟ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 26 ಮಂದಿ ಸೈಕಲ್ ವ್ಯಾಯಾಮದ ಮೇಲೆ ಕಳಚಿದ ಅಂಗಿಗಳನ್ನು ಮೂಸಿ ಪರೀಕ್ಷಿಸಲಾಗಿತ್ತು. ಹತ್ತಿಯದಕ್ಕಿಂತ ಪಾಲಿಯೆಸ್ಟರ್ ಅಂಗಿ ಹೆಚ್ಚು ನಾರುತ್ತಿತ್ತು. ಮೈಕ್ರೊಕಾಕಸ್ ಎಂಬ ಬ್ಯಾಕ್ಟೀರಿಯಾ ಅದರ ಮೇಲೆ ಚೆನ್ನಾಗಿ ಬೆಳೆದಿತ್ತು. ನೀರನ್ನು ದೂರವಿಡುವ ಎಳೆಗೆ ಎಣ್ಣೆಯ ಮೇಲೆ ಒಲವು ಹೆಚ್ಚು. ಮೈಯ ಜಿಡ್ಡನ್ನೂ ಅಡುಗೆಯ ಕಲೆಯನ್ನೂ ಅದು ಹಿಡಿದಿಟ್ಟುಕೊಳ್ಳುತ್ತದೆ.

ನೂಲು, ನೇಯ್ಗೆ, ತೂಕ

ಎಳೆ ಒಂದೇ ಆದರೂ ನೂಲು ಬೇರೆಯಾದರೆ ಬಟ್ಟೆ ಬೇರೆಯಾಗುತ್ತದೆ. ಮುಗಳಖೋಡಕ್ಕೆ ಹತ್ತಿರದ ಗೋಕಾಕ ಫಾಲ್ಸಿನಲ್ಲಿ 1880ರ ದಶಕದಲ್ಲೇ ಘಟಪ್ರಭೆಯ ಧುಮುಕುವ ನೀರಿನ ಬಲದಿಂದ ನೂಲಿನ ಗಿರಣಿ ಶುರುವಾಗಿತ್ತು. ನೂಲುವವರಿಗೆ ಮುಖ್ಯವಾದದ್ದು ಎಳೆಯ ಉದ್ದ. ಉದ್ದ ಎಳೆಯಾದರೆ ನೂಲಿನಲ್ಲಿ ತುದಿಗಳು ಕಡಿಮೆ. ತುದಿಗಳು ಕಡಿಮೆಯಾದರೆ ರೋಮ ಏಳುವುದೂ ತೊಡೆಯ ಬಳಿ ಗುಳಿಗೆಯಂತೆ ಗಂಟು ಕಟ್ಟುವುದೂ ಕಡಿಮೆ. ಧಾರವಾಡ ಸೀಮೆಯ ಹಳೆಯ ಜಯಧರ ಹತ್ತಿ ಗಿಡ್ಡ ಎಳೆಯದು. ಅದೇ ಧಾರವಾಡದ ಸಂಶೋಧನಾ ಕೇಂದ್ರದಲ್ಲಿ ಬಿ.ಎಚ್. ಕಟಾರ್ಕಿ ಅವರು ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ 1972ರಲ್ಲಿ ‘ವರಲಕ್ಷ್ಮಿ’ ಎಂಬ ಉದ್ದ ಎಳೆಯ ಸಂಕರ ತಳಿಯನ್ನು ಕೊಟ್ಟರು. ಆಮೇಲೆ ಬಂದ ಡಿಸಿಎಚ್-32, ಅಂದರೆ ‘ಜಯಲಕ್ಷ್ಮಿ’, ಇನ್ನೂ ಸಣ್ಣ ನೂಲಿಗೆ ಒದಗಿತು.

ನೇಯ್ಗೆಯಲ್ಲಿ ಹಾಸು ಉದ್ದದ ನೂಲು, ಹೊಕ್ಕು ಅಡ್ಡದ ನೂಲು. ಒಂದು ಬಿಟ್ಟು ಒಂದರಂತೆ ಹೆಣೆದರೆ ಸಾದಾ ನೇಯ್ಗೆ. ಹಾಸಿನ ನೂಲು ಎರಡು ಮೂರು ಹೊಕ್ಕುಗಳ ಮೇಲೆ ಹಾದು ಒಂದರ ಕೆಳಗೆ ಇಳಿಯುತ್ತ, ಪ್ರತಿ ಸಾಲಿನಲ್ಲೂ ಒಂದು ಹೆಜ್ಜೆ ಸರಿದರೆ ಬಟ್ಟೆಯ ಮೇಲೆ ಓರೆ ಗೆರೆ ಏಳುತ್ತದೆ. ಅದು ಟ್ವಿಲ್. ಚಿನೋ, ಡ್ರಿಲ್, ಜೀನ್ಸ್ ಎಲ್ಲ ಇದೇ ಕುಲ. ಹೆಣಿಗೆಯ ಬಿಂದುಗಳು ಕಡಿಮೆ ಇರುವುದರಿಂದ ನೂಲುಗಳನ್ನು ಹೆಚ್ಚು ಒತ್ತಾಗಿ ಕೂರಿಸಬಹುದು. ಆದರೂ ಬಟ್ಟೆ ಮೆತ್ತಗೆ ಬಾಗುತ್ತದೆ. ಹರಿಯಲು ಹೋದರೆ ನೂಲುಗಳು ಗುಂಪಾಗಿ ಸೇರಿ ತಡೆಯುತ್ತವೆ. ಸುಕ್ಕೂ ಸಾದಾ ನೇಯ್ಗೆಗಿಂತ ಕಡಿಮೆ. ದಿನಬಳಕೆಗೆ ಟ್ವಿಲ್ ಆರಿಸಿದರೆ ಅರ್ಧ ಕೆಲಸ ಮುಗಿದಂತೆ.

ಉಳಿದರ್ಧ ತೂಕ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ಎಂಬುದನ್ನು ಜವಳಿಯವರು ಜಿಎಸ್‌ಎಂ ಎನ್ನುತ್ತಾರೆ. 180ರಿಂದ 220 ಬೇಸಿಗೆಗೆ ಹಗುರ. 220ರಿಂದ 260 ವರ್ಷವಿಡೀ ನಡೆಯುತ್ತದೆ. 12 ಔನ್ಸಿನ ಜೀನ್ಸ್ ಎಂದರೆ 400ಕ್ಕೂ ಮಿಕ್ಕಿದ್ದು. ಕಬ್ಬಿನ ಗರಿಯ ಅಂಚಿಗೆ ತಡೆಯಾಗುತ್ತದೆ, ಮಳೆಗಾಲದಲ್ಲಿ ಎರಡು ದಿನವಾದರೂ ಆರುವುದಿಲ್ಲ. ಚೆಲುವಿನ ಮಾತಿಗೂ ಇಲ್ಲೇ ಉತ್ತರವಿದೆ. ಪ್ಯಾಂಟು ಸೊಂಟದಿಂದ ಪಾದದವರೆಗೆ ನೇರವಾಗಿ ಬೀಳುವುದು ಬಟ್ಟೆಯ ತೂಕಕ್ಕೂ ಬಿರುಸಿಗೂ ಇರುವ ಹೊಂದಾಣಿಕೆಯಿಂದ. ಹಗುರವಾಗಿದ್ದು ಬಿರುಸಾಗಿದ್ದರೆ ಉಬ್ಬಿ ನಿಲ್ಲುತ್ತದೆ. ತೀರ ಹಗುರವಾಗಿ ತೀರ ಮೆತ್ತಗಿದ್ದರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಗಡಿಯಾಚೆ ಮಹಾರಾಷ್ಟ್ರದ ಇಚಲಕರಂಜಿಯಲ್ಲಿ 1904ರಿಂದ ಪವರ್‌ಲೂಮ್ ಸದ್ದು ಮಾಡುತ್ತಿದೆ. ಅಲ್ಲಿಯ ಬಟ್ಟೆ ಕೊಳ್ಳುವಾಗಲೂ ದೊಡ್ಡ ಬ್ರಾಂಡಿನದನ್ನು ಕೊಳ್ಳುವಾಗಲೂ ಕೇಳಬೇಕಾದ ಪ್ರಶ್ನೆಗಳು ಇವೇ: ಎಳೆ ಯಾವುದು, ನೇಯ್ಗೆ ಯಾವುದು, ತೂಕ ಎಷ್ಟು?

ಪಂಕ್ತಿಯಲ್ಲಿ ಕೂರುವ ಪರೀಕ್ಷೆ

ಡಿಸೈನರ್ ನಿಜವಾಗಿ ಕೈಯಾಡಿಸುವುದು ಕಟಿಂಗಿನಲ್ಲಿ. ಎಳೆಯ ರಸಾಯನವನ್ನು ಯಾವ ಡಿಸೈನರೂ ಬದಲಿಸಲಾರರು. ಚಿತ್ರದಲ್ಲಿರುವ ಮಾಡೆಲ್ ನಿಂತಿರುತ್ತಾನೆ. ನಾವು ಕೂರುವವರು. ಊರಿನ ಯಲ್ಲಾಲಿಂಗೇಶ್ವರ ಮಠದಲ್ಲಿ ಪ್ರಸಾದಕ್ಕೆ ಪಂಕ್ತಿಯಲ್ಲಿ ಕಾಲು ಮಡಚಿ ಕೂರಬೇಕು, ಬೈಕಿನ ಮೇಲೆ ಕಾಲು ಎತ್ತಿ ಹಾಕಬೇಕು, ಹೊಲದ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂರಬೇಕು. ಕುಕ್ಕರುಗಾಲಲ್ಲಿ ಮೊಣಕಾಲಿನ ಮೇಲಿನ ಚರ್ಮ ಉದ್ದಕ್ಕೆ ಸಾಕಷ್ಟು ಹಿಗ್ಗುತ್ತದೆ. ಪೃಷ್ಠದ ಚರ್ಮವೂ ಹಿಗ್ಗುತ್ತದೆ. ಬಟ್ಟೆ ಈ ಹಿಗ್ಗನ್ನು ಮೂರು ಬಗೆಯಲ್ಲಿ ತುಂಬಿಕೊಡಬೇಕು: ಅಗಲವಾಗಿರುವುದರಿಂದ, ಚರ್ಮದ ಮೇಲೆ ಜಾರುವುದರಿಂದ, ಇಲ್ಲವೇ ತಾನೇ ಹಿಗ್ಗುವುದರಿಂದ. ಮೂರೂ ಇಲ್ಲದಿದ್ದರೆ ಹೊಲಿಗೆ ಬಿಚ್ಚುತ್ತದೆ.

ಹಿಗ್ಗುವ ಉಪಾಯ ನಮ್ಮಲ್ಲಿ ಹಳೆಯದು. ಚೂಡಿದಾರದ ಬಟ್ಟೆಯನ್ನು ಓರೆಯಾಗಿ ಕತ್ತರಿಸುತ್ತಾರೆ. ಹಾಸು ಹೊಕ್ಕುಗಳ ದಿಕ್ಕಿನಲ್ಲಿ ಎಳೆದರೆ ಜಗ್ಗದ ಬಟ್ಟೆ 45 ಡಿಗ್ರಿ ಓರೆಯಲ್ಲಿ ಎಳೆದಾಗ ಚೌಕಗಳು ವಜ್ರಾಕಾರಕ್ಕೆ ತಿರುಗಿ ಹಿಗ್ಗುತ್ತದೆ. ರಬ್ಬರಿಲ್ಲದ ಕಾಲದಲ್ಲಿ ಬರೀ ರೇಖಾಗಣಿತದಿಂದ ಪಡೆದ ಹಿಗ್ಗು ಇದು. 1958ರಲ್ಲಿ ಡ್ಯುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಸ್ಪಾಂಡೆಕ್ಸ್ ಎಳೆಯನ್ನು ರೂಪಿಸಿದ ಮೇಲೆ ನೇರ ಕತ್ತರಿಸಿದ ಬಟ್ಟೆಯೂ ಹಿಗ್ಗತೊಡಗಿತು. ಲೈಕ್ರಾ, ಇಲಾಸ್ಟೇನ್ ಎಂಬುವೂ ಅದರ ಹೆಸರುಗಳೇ. ಅದು ತನ್ನ ಉದ್ದದ ಐದಾರು ಪಟ್ಟು ಹಿಗ್ಗಿ ಮರಳಬಲ್ಲದು. ಆದ್ದರಿಂದ ಪ್ಯಾಂಟಿಗೆ 2 ಪ್ರತಿಶತವೇ ಸಾಕು. 5 ದಾಟಿದರೆ ಮೈಗಂಟುವ ಬಟ್ಟೆಯಾಗುತ್ತದೆ, ಗಾಳಿ ಆಡುವುದಿಲ್ಲ. ಕಾದ ಇಸ್ತ್ರಿಯೂ ಬ್ಲೀಚಿಂಗ್ ಪುಡಿಯೂ ಅದರ ವೈರಿಗಳು. ಅದು ಸತ್ತ ಮೇಲೆ ಪ್ಯಾಂಟಿನ ಮೊಣಕಾಲು ಚೀಲದಂತೆ ಜೋಲುತ್ತದೆ.

ಅಂಗಡಿಯ ಟ್ರಯಲ್ ಕೋಣೆಯಲ್ಲಿ ಕನ್ನಡಿ ನೋಡುವ ಮುಂಚೆ ಕೂತು ನೋಡಿ. ಸೊಂಟದ ಹಿಂಭಾಗ ಕೆಳಗೆ ಜಾರಿದರೆ ಸೀಟಿನ ಉದ್ದ ಸಾಲದು. ಸಿಂಪಿಗರ ಬಳಿ ಹೊಲಿಸುವವರು ಒಳಗೆ ಮಾರ್ಜಿನ್ ಬಿಡಲು ಹೇಳಬೇಕು. ನಡು ದಪ್ಪವಾದಾಗ ಬಿಚ್ಚಿಕೊಳ್ಳಬಹುದು. ಹತ್ತಿ ಬಟ್ಟೆಯಾದರೆ ಹೊಲಿಸುವ ಮುಂಚೆ ಒಮ್ಮೆ ನೆನೆಸಿ ಒಣಗಿಸಿರಬೇಕು. ಮಗ್ಗದ ಮೇಲೆ ಎಳೆತದಲ್ಲಿದ್ದ ನೂಲು ನೀರು ಸಿಕ್ಕೊಡನೆ ಕುಗ್ಗುತ್ತದೆ. ಇನ್ನು ಹೆಂಗಸರ ಪ್ಯಾಂಟುಗಳಲ್ಲಿ ಜೇಬು ಹೆಚ್ಚಾಗಿ ತೋರಿಕೆಯದು. ಅಲ್ಲಿ ಹೊಲಿಸಿಕೊಳ್ಳುವವರಿಗೇ ಅನುಕೂಲ, ಮೊಬೈಲ್ ಹಿಡಿಯುವಷ್ಟು ಆಳ ಹೇಳಿ ಇಡಿಸಬಹುದು.

ಎರೆ ಮಣ್ಣು, ಗಡಸು ನೀರು, ಬಿಸಿಲು

ಕೊನೆಯ ಪ್ರಶ್ನೆ ಬಣ್ಣದ್ದು, ಒಗೆತದ್ದು. ಧೂಳು ಕಾಣದ ಬಣ್ಣ ಬೇಕೆಂಬ ಬಯಕೆಗೆ ಮಂಗಳೂರಿನಲ್ಲೊಂದು ಇತಿಹಾಸವಿದೆ. ಅಲ್ಲಿ ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆಯನ್ನು 1850ರ ದಶಕದಲ್ಲಿ ಬೆಳೆಸಿದ ಜಾನ್ ಹಾಲರ್ ಖಾಕಿ ಬಣ್ಣವನ್ನು ರೂಪಿಸಿದರೆಂದು ಹೆಸರಾಗಿದ್ದಾರೆ. ನಮ್ಮ ಎರೆ ಮಣ್ಣಿಗೆ ಮಾತ್ರ ಖಾಕಿ ಸೋಲುತ್ತದೆ. ಬೂದು, ಕಡುಹಸಿರು, ಕಡುನೀಲಿ ಮೇಲು. ಎರೆಯಲ್ಲಿರುವ ಜೇಡಿ ಕಣಗಳು ಅತಿ ಸಣ್ಣವು, ನೀರು ಕುಡಿದು ಉಬ್ಬುವಂಥವು. ಹಸಿಯಿರುವಾಗ ಉಜ್ಜಿದರೆ ನೂಲಿನ ಸಂದಿಗೆ ಇಳಿಯುತ್ತವೆ. ಪೂರ್ತಿ ಒಣಗಲು ಬಿಟ್ಟರೆ ಕುಗ್ಗಿ ಬಿರಿಯುತ್ತವೆ. ಆಗ ಕೊಡವಿ, ಬ್ರಷ್ ಆಡಿಸಿ, ಆಮೇಲೆ ನೀರಿಗೆ ಹಾಕಬೇಕು.

ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತವೆ. ಸಾಬೂನು ಅವುಗಳ ಜೊತೆ ಕೂಡಿ ಕರಗದ ಬಿಳಿ ಕಿಟ್ಟವಾಗಿ ಬಟ್ಟೆಯ ಮೇಲೆ ಕೂರುತ್ತದೆ. ಕಪ್ಪು ಪ್ಯಾಂಟ್ ಮಸುಕಾಗುವುದಕ್ಕೆ ಬಣ್ಣ ಹೋದದ್ದೇ ಕಾರಣ ಎಂದುಕೊಳ್ಳುತ್ತೇವೆ; ಎಷ್ಟೋ ಸಲ ಅದು ಈ ಕಿಟ್ಟ. ಗಡಸು ನೀರಿಗೆ ಡಿಟರ್ಜೆಂಟ್ ಪುಡಿ ಸರಿ. ಜೀನ್ಸಿನ ನೀಲಿ ಮಾತ್ರ ಹೋಗಲೆಂದೇ ಇರುವುದು: ನೀಲಿ ಬಣ್ಣ ನೂಲಿನ ಹೊರಪದರದಲ್ಲಷ್ಟೇ ನಿಲ್ಲುತ್ತದೆ, ಒಳತಿರುಳು ಬಿಳಿಯಾಗಿಯೇ ಉಳಿಯುತ್ತದೆ, ಉಜ್ಜಿದಲ್ಲಿ ಬಿಳಿ ಮೂಡುತ್ತದೆ. ಮಿಕ್ಕ ಬಣ್ಣಗಳಿಗೆ ದೊಡ್ಡ ಶತ್ರು ಬಿಸಿಲಿನ ಅತಿನೇರಳೆ ಕಿರಣ. ಒಳಮೈ ಹೊರಗೆ ಮಾಡಿ ನೆರಳಿನಲ್ಲಿ ಹರವಿದರೆ ಬಣ್ಣ ವರ್ಷಗಟ್ಟಲೆ ತಾಳುತ್ತದೆ. ಲೇಬಲ್ಲಿನ ಇಸ್ತ್ರಿ ಚಿತ್ರದಲ್ಲಿ ಮೂರು ಚುಕ್ಕೆ ಇದ್ದರೆ ಸುಮಾರು 200 ಡಿಗ್ರಿ, ಎರಡಿದ್ದರೆ 150, ಒಂದಿದ್ದರೆ 110. ಬೆರಕೆ ಬಟ್ಟೆಯಲ್ಲಿ ಯಾವತ್ತೂ ಶಾಖಕ್ಕೆ ಬೇಗ ಸೋಲುವ ಎಳೆಯ ಮಿತಿಯನ್ನೇ ಪಾಲಿಸಬೇಕು.

ಅಂಗಡಿಯಲ್ಲಿ ಐದು ನಿಮಿಷ

ಲೇಬಲ್ ಇಲ್ಲದ ಪ್ಯಾಂಟ್ ಪೀಸಿಗೂ ಪರೀಕ್ಷೆಗಳಿವೆ. ಮೂಲೆಯನ್ನು ಮುಷ್ಟಿಯಲ್ಲಿ ಹತ್ತೆಣಿಸುವವರೆಗೆ ಬಿಗಿಹಿಡಿದು ಬಿಡಿ. ಸುಕ್ಕು ಹಾಗೇ ನಿಂತರೆ ಸೆಲ್ಯುಲೋಸ್ ಹೆಚ್ಚು, ಚಿಮ್ಮಿ ಬಿಡಿಸಿಕೊಂಡರೆ ಪಾಲಿಯೆಸ್ಟರ್ ಹೆಚ್ಚು. ಬೆಳಕಿಗೆ ಹಿಡಿದು ನೋಡಿ. ತೂತು ತೂತಾಗಿ ಕಂಡರೆ ನೇಯ್ಗೆ ಸಡಿಲ, ಹೊಲಿಗೆಯ ಬಳಿ ಜಾರುತ್ತದೆ. ಹಿಗ್ಗುವ ಬಟ್ಟೆಯಾದರೆ ಎಳೆದು ಬಿಡಿ. ಪೂರ್ತಿ ಹಿಂದಿರುಗದಿದ್ದರೆ ಬೇಡ. ಅಂಚಿನಿಂದ ಒಂದು ನೂಲು ಕಿತ್ತು ಮನೆಯ ಹೊರಗೆ ಕಡ್ಡಿ ಗೀರಿ ಸುಟ್ಟರೆ ಹತ್ತಿ, ವಿಸ್ಕೋಸ್ ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತವೆ. ಪಾಲಿಯೆಸ್ಟರ್ ಬೆಂಕಿಯಿಂದ ಹಿಂದೆ ಸರಿದು ಕರಗಿ ಗಟ್ಟಿ ಮಣಿಯಾಗುತ್ತದೆ. ಆ ಮಣಿ ಆರುವ ಮುಂಚೆ ಮುಟ್ಟಿದರೆ ಬೊಬ್ಬೆ ಖಾತ್ರಿ.

ಹಾಗಾದರೆ ಯಾವುದನ್ನು ಕೊಳ್ಳುವುದು? ನಾಲ್ಕು ಕಡೆ ಓಡಾಡುವ, ದಿನಕ್ಕೊಮ್ಮೆ ಇಸ್ತ್ರಿ ಮಾಡಲಾಗದ ಶಿಕ್ಷಕರು, ಬ್ಯಾಂಕಿನವರು, ಕಾಲೇಜಿನವರಿಗೆ ಪಾಲಿಯೆಸ್ಟರ್–ವಿಸ್ಕೋಸ್ ಬೆರಕೆಯ 220 ಜಿಎಸ್‌ಎಂ ಟ್ವಿಲ್ ಒಳ್ಳೆಯ ರಾಜಿ. ಮಾರ್ಚಿನಿಂದ ಮೇ ತನಕ ಬಿಸಿಲಿನಲ್ಲಿ ದುಡಿಯುವವರಿಗೆ 98 ಪ್ರತಿಶತ ಹತ್ತಿ, 2 ಪ್ರತಿಶತ ಇಲಾಸ್ಟೇನ್ ಇರುವ, ತೊಡೆಯಲ್ಲಿ ಸಡಿಲವಾದ ಪ್ಯಾಂಟು; ಸುಕ್ಕು ಬಿದ್ದರೆ ಬೀಳಲಿ. ಮಳೆಗಾಲದಲ್ಲಿ ಬೈಕಿನ ಓಡಾಟಕ್ಕೆ ಪಾಲಿಯೆಸ್ಟರ್ ಹೆಚ್ಚಿರುವುದೇ ಸರಿ, ಒಂದು ರಾತ್ರಿಯಲ್ಲಿ ಆರುತ್ತದೆ. ಎಲ್ಲ ಕಾಲಕ್ಕೂ ಒಂದೇ ದುಬಾರಿ ಪ್ಯಾಂಟ್ ಕೊಳ್ಳುವ ದುಡ್ಡಿನಲ್ಲಿ ಎರಡು ಸ್ವಭಾವದ ಎರಡು ಪ್ಯಾಂಟ್ ಕೊಂಡವರು ವರ್ಷವಿಡೀ ಸುಖವಾಗಿರುತ್ತಾರೆ: ಒಂದು ನೀರನ್ನು ಬರಮಾಡಿಕೊಳ್ಳುವುದು, ಇನ್ನೊಂದು ದೂರವಿಡುವುದು.